ಲೈನ್‌ಮನ್ ಇನಾಸಪ್ಪನ ಗುಪ್ತ ಉಪವಾಸ

ರಾಯಬಾಗದ ಲೈನ್‌ಮನ್ ಇನಾಸಪ್ಪ ಹೋದ ವರ್ಷದ ತಪಸ್ಸುಕಾಲದಲ್ಲಿ ಮಾಂಸ ಬಿಟ್ಟಿದ್ದ. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನಗಳನ್ನು ಕಥೋಲಿಕರಾದವರು ಪ್ರಾರ್ಥನೆ, ಉಪವಾಸ, ದಾನಧರ್ಮಗಳಲ್ಲಿ ಕಳೆಯಬೇಕು, ತಮಗೆ ಪ್ರೀತಿಯಾದ ಯಾವುದಾದರೊಂದನ್ನು ಬಿಡಬೇಕು ಎಂಬುದು ರೂಢಿ. ಬಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಓಣಿಯಲ್ಲಿ. ಇನಾಸಪ್ಪನ ಮನೆಯ ಎಡಕ್ಕೆ ಲಿಂಗಾಯತರು, ಬಲಕ್ಕೆ ಲಿಂಗಾಯತರು, ಎದುರಿಗೆ ಜೈನರ ಭೀಮಗೊಂಡ ಪಾಟೀಲರ ದೊಡ್ಡ ಮನೆ. "ನಲವತ್ತ ದಿನಾ ಮಟನ್ ಬಿಟ್ಟೀನ್ರಿ" ಎಂದು ಅವನು ಹೇಳಿಕೊಂಡಾಗ ಭೀಮಗೊಂಡರ ಹೆಂಡತಿ ಪದ್ಮವ್ವ ಅಕ್ಕಿ ಆರಿಸುವ ಕೈ ನಿಲ್ಲಿಸದೆ, "ಹೌದಾ? ನಾವು ಬಿಟ್ಟು ಎರಡ ಸಾವಿರ ವರ್ಷಾತು" ಎಂದಿದ್ದಳು.

"ಶುಕ್ರವಾರ ಒಂದ ಹೊತ್ತ ಉಪಾಸಾನೂ ಮಾಡತೀನ್ರಿ."

"ಮತ್ತೊಂದ ಹೊತ್ತ ಏನ್ ಮಾಡತಿ?"

"ಉಣ್ಣತೀನ್ರಿ."

"ಹಂಗಾರ ಅದಕ್ಕ ಉಪಾಸ ಅನ್ನೂದಿಲ್ಲೊ ತಮ್ಮಾ. ತಡಾಗಿ ಉಣ್ಣೂದು ಅಂತಾರ."

ಹೀಗೆನ್ನಲು ಪದ್ಮವ್ವಳಿಗೆ ಅಧಿಕಾರವಿತ್ತು. ಭಾದ್ರಪದದ ಪರ್ವದಲ್ಲಿ ಹತ್ತು ದಿನ ಬರೀ ಕಾಸಿ ಆರಿಸಿದ ನೀರಿನ ಮೇಲಿದ್ದು, ಮರುದಿನ ಬ್ಯಾಂಡಿನವರನ್ನು ಮುಂದಿಟ್ಟುಕೊಂಡು ನಡೆದೇ ಬಸದಿಗೆ ಹೋಗಿ ಬರುವವಳು ಆಕೆ. ಅಂಥವಳ ಮುಂದೆ ಇನಾಸಪ್ಪನ ಶುಕ್ರವಾರ, ಹದಿನೈದು ಎಚ್.ಪಿ. ಮೋಟರಿನ ಮುಂದೆ ಇಟ್ಟ ಕೈಪಂಪಿನಂತೆ ಕಂಡಿತು.

ಈ ವರ್ಷ ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಮಿಶನ್ ಗುಡಿಯಲ್ಲಿ ಫಾದರ್ ಎಲ್ಲರ ಹಣೆಗೆ ಬೂದಿಯ ಶಿಲುಬೆ ಹಚ್ಚಿ ಪ್ರವಚನ ಮಾಡಿದರು. ಉಪವಾಸ ಮಾಡುವವನು ಬಾಡಿದ ಮುಖ ಹೊತ್ತು ತಿರುಗಬಾರದು. ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು ನಗುನಗುತ್ತ ಇರಬೇಕು. ಒಂದು ಕೈ ಕೊಟ್ಟ ದಾನ ಇನ್ನೊಂದು ಕೈಗೂ ತಿಳಿಯಬಾರದು ಎಂದರು. ಈ ಮಾತು ತನಗಾಗಿಯೇ ಬಂದಿದೆ ಎಂದು ಇನಾಸಪ್ಪನಿಗೆ ಅನ್ನಿಸಿತು. ಹೇಳಿಕೊಂಡದ್ದಕ್ಕೆ ತಾನೇ ಪದ್ಮವ್ವ ನಕ್ಕದ್ದು? ಹೇಳದಿದ್ದರೆ ನಗುವವರು ಯಾರು? ಗುಡಿಯಿಂದ ಹೊರಬಿದ್ದವನೇ ನಳದಲ್ಲಿ ಹಣೆ ತೊಳೆದುಕೊಂಡ. ಈ ಸಲ ಚಹಾ ಬಿಡುವುದು, ಯಾರಿಗೂ, ಕಟ್ಟಿಕೊಂಡ ಹೆಂಡತಿಗೂ ಹೇಳದಿರುವುದು ಎಂದು ನಿಶ್ಚಯಿಸಿದ. ಗುಟ್ಟಿಗೂ ಒಂದು ಗರ್ವ ಇರುತ್ತದೆ ಎಂಬುದನ್ನು ಫಾದರ್ ಪ್ರವಚನದಲ್ಲಿ ಸೇರಿಸಿರಲಿಲ್ಲ.

ಚಹಾ ಬಿಡುವುದೆಂದರೇನು ಎಂಬುದು ಆ ಸೀಮೆಯ ಲೈನ್‌ಮನ್‌ಗೆ ಮಾತ್ರ ಗೊತ್ತು. ಕಬ್ಬಿನ ಹೊಲಕ್ಕೊಂದು ಪಂಪ್‌ಸೆಟ್ಟು, ಪಂಪ್‌ಸೆಟ್ಟಿಗೊಂದು ತಕರಾರು, ತಕರಾರಿಗೊಂದು ಕಪ್ಪು ಚಹಾ. ಫ್ಯೂಜ್ ಹಾಕಿದರೆ ಚಹಾ, ತೆಗೆದರೂ ಚಹಾ. ಅಲ್ಲಿ ಚಹಾ ಬೇಡವೆನ್ನುವ ಸಂದರ್ಭಗಳು ಮೂರೇ: ಮನೆತನಗಳ ನಡುವೆ ಜಗಳವಾದಾಗ, ನೋಡಲು ಹೋದ ಹೆಣ್ಣು ಮನಸ್ಸಿಗೆ ಬಾರದಾಗ, ಮತ್ತು ಜೀವ ಹೋಗುವಾಗ.

ಹೆಣ್ಣು ನೋಡುವ ಸಂಗತಿ ಇನಾಸಪ್ಪನ ಮನೆಯಲ್ಲಿ ಆಗಲೇ ನಡೆದಿತ್ತು. ಅವನ ಒಬ್ಬಳೇ ಮಗಳು ಸಪನಾ ಊರಿನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ನಿಪ್ಪಾಣಿಯ ರೋಶನ ಎಂಬ ಹುಡುಗ ಆಕೆಯನ್ನು ನೋಡಿ ಹೋಗಿದ್ದ. ಹಾಲಿನ ಟ್ಯಾಂಕರ್ ಓಡಿಸುವ ಒಳ್ಳೆಯ ಹುಡುಗ. ಇವಳು ಒಪ್ಪಿದ್ದಳು, ಅವನು ಒಪ್ಪಿದ್ದ. ಒಪ್ಪಬೇಕಾದವಳು ಅವನನ್ನು ಸಾಕಿದ ಅತ್ತೆ ಮಾರ್ಥಾಬಾಯಿ. ಆಕೆ ದಸರೆಗೆ "ದೀಪಾವಳಿ ಆಗಲಿ" ಎಂದಳು, ದೀಪಾವಳಿಗೆ "ಕ್ರಿಸ್‌ಮಸ್ ಆಗಲಿ" ಎಂದಳು, ಕ್ರಿಸ್‌ಮಸ್ ಆದ ಮೇಲೆ ಫೋನು ಎತ್ತುವುದನ್ನೇ ಬಿಟ್ಟಳು.  ಫೋನು ರಿಂಗಾದಾಗಲೆಲ್ಲ ರೊಟ್ಟಿ ಬಡಿಯುವ ಸಪನಾಳ ಕೈ ನಿಲ್ಲುತ್ತಿತ್ತು. ಆ ಸಪ್ಪಳ ನಿಂತಾಗಲೆಲ್ಲ ಇನಾಸಪ್ಪನ ಎದೆಯಲ್ಲಿ ಕಳಕ್ ಎನ್ನುತ್ತಿತ್ತು. ಅವನ ಈ ವರ್ಷದ ಪ್ರಾರ್ಥನೆಯೆಲ್ಲ ಇದೊಂದೇ: ಈ ಸಂಬಂಧ ಗಟ್ಟಿಯಾಗಲಿ.

ಮೊದಲ ತಕರಾರು ಭೀಮಗೊಂಡರ ತೋಟದಲ್ಲಿ ಬಂತು. ಮೋಟರ್ ಚಾಲೂ ಮಾಡಿ ಕೈ ತೊಳೆದುಕೊಂಡಾಗ ಭೀಮಗೊಂಡರೇ ಕಪ್ಪು ಹಿಡಿದು ಬಂದರು.

"ಬ್ಯಾಡ್ರಿ ಗೌಡ್ರ."

"ಯಾಕ?"

"ಹಂಗ."

ಭೀಮಗೊಂಡರು ಕಪ್ಪನ್ನು ಹಿಂತೆಗೆಯಲಿಲ್ಲ. ಇನಾಸಪ್ಪನ ಅಜ್ಜನಿಗೆ ಇದೇ ಮನೆತನದವರು ಕಟ್ಟೆಯ ಕೆಳಗೆ ಕೂಡಿಸಿ, ಗೋಡೆಯ ಗೂಡಿನಲ್ಲಿ ಬೇರೆ ಇಟ್ಟ ಕಪ್ಪಿನಲ್ಲಿ, ಮೇಲಿನಿಂದ ಚಹಾ ಸುರಿಯುತ್ತಿದ್ದರು. ಅಪ್ಪನ ಕಾಲಕ್ಕೆ ಕಪ್ಪು ಕಟ್ಟೆಯ ಮೇಲೆ ಬಂತು. ಇವನ ಕಾಲಕ್ಕೆ ಒಳಗಿನ ಕಪ್ಪೇ ಬಂತು. ಮೂರು ತಲೆಮಾರು ಹಿಡಿದು ಇಲ್ಲಿಯವರೆಗೆ ನಡೆದು ಬಂದ ಕಪ್ಪನ್ನು ಇವತ್ತು ಲೈನ್‌ಮನ್ ಬೇಡ ಅನ್ನುತ್ತಿದ್ದ.

"ನಮ್ಮ ಮನಿ ಚಹಾ ನಡೆಯಂಗಿಲ್ಲೇನ್ ನಿನಗ?" ಗೌಡರ ಧ್ವನಿ ಒಂದು ನಮೂನೆಯಾಯಿತು. "ನಾವೇನ್ ಕಡಿಮಿ ಮಂದಿ ಏನಪಾ?"

"ಛೇ, ಹಂಗಲ್ರಿ! ಮನಸ ತುಂಬ ಐತ್ರಿ. ಕುಡಿಯೂಹಂಗಿಲ್ಲ, ಅಷ್ಟ."

"ಕುಡಿಯೂಹಂಗಿಲ್ಲ?" ಗೌಡರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅವರ ಮುಖದ ಗಂಟು ಬಿಚ್ಚಿತು. "ಅಯ್ಯ, ಸಕ್ಕರಿ ಬ್ಯಾನಿ ಹತ್ತೇತಿ ಅನ್ನು. ಮೊದಲ ಹೇಳಬಾರದ?"

ಇನಾಸಪ್ಪ ಬಾಯಿ ತೆರೆದ. ಅಲ್ಲ ಎಂದರೆ ಮತ್ತೆ "ಯಾಕ" ಬರುತ್ತದೆ. "ಯಾಕ"ಕ್ಕೆ ಉತ್ತರ ಕೊಟ್ಟರೆ ಗುಟ್ಟು ಹೋಗುತ್ತದೆ. ತೆರೆದ ಬಾಯಿ ಮುಚ್ಚಿಕೊಂಡು ನಗುನಗುತ್ತ ಸೈಕಲ್ ಹತ್ತಿದ. ಬ್ಯಾನಿ ಹತ್ತಿದ ಮನುಷ್ಯ ನಗುತ್ತ ಹೋದದ್ದನ್ನು ನೋಡಿ ಭೀಮಗೊಂಡರಿಗೆ ಕರುಳು ಚುರ್ರೆಂದಿತು.

ಸಂಜೆಗೆ ಪದ್ಮವ್ವ ಹಾಗಲಕಾಯಿಯ ರಸ ಕಳಿಸಿದಳು. ಮರುದಿನ ಎಡಮನೆಯವರು ನೆನೆಸಿದ ಮೆಂತ್ಯೆ ತಂದರು, ಬಲಮನೆಯವರು ನೇರಳೆ ಬೀಜದ ಪುಡಿ ತಂದರು. ಸುತ್ತ ಹತ್ತು ಹರದಾರಿ ಕಬ್ಬು ಬೆಳೆದು ನಾಡಿಗೆಲ್ಲ ಸಕ್ಕರೆ ತಿನ್ನಿಸುವ ಊರಿನಲ್ಲಿ ಸಕ್ಕರೆ ರೋಗಕ್ಕೆ ಮದ್ದು ಗೊತ್ತಿಲ್ಲದ ಮನೆಯೇ ಇರಲಿಲ್ಲ. ಇನಾಸಪ್ಪ ಇದನ್ನೂ ತಪಸ್ಸಿನ ಲೆಕ್ಕಕ್ಕೆ ಹಾಕಿಕೊಂಡು, ಮುಖ ಕಿವುಚದೆ ಎಲ್ಲವನ್ನೂ ಕುಡಿದ. ಹೆಂಡತಿ ದ್ರೌಪದಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಖರೇ ಹೇಳ್ರಿ. ಡಾಕ್ಟರ್ ಏನಂದ್ರು?"

"ಯಾವ ಡಾಕ್ಟರೂ ಏನೂ ಅಂದಿಲ್ಲ."

"ಏನೂ ಅನ್ನಲಾರದಷ್ಟ ಆಗೇತೇನ್ರಿ!" ಎಂದು ದ್ರೌಪದಿ ಅಲ್ಲಿಯೇ ಕುಸಿದು ಕುಳಿತಳು.

ಉಪವಾಸದ ಗತಿ ಹೀಗಾದರೆ ಪ್ರಾರ್ಥನೆ ಮತ್ತು ದಾನದ ಗತಿ ಇದಕ್ಕಿಂತ ಕಡೆಯಾಯಿತು. ಶುಕ್ರವಾರ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದು ಎಲ್ಲರೂ ಹೋದ ಮೇಲೆ ಇನಾಸಪ್ಪ ಒಬ್ಬನೇ ಮೊಣಕಾಲೂರಿ ಕುಳಿತು ಮಗಳ ಸಂಬಂಧಕ್ಕಾಗಿ ಬೇಡಿಕೊಳ್ಳುತ್ತಿದ್ದ. ಅದನ್ನು ಕಿಡಕಿಯಿಂದ ನೋಡಿದವರು, "ಲೈನ್‌ಮನ್ ದೇವರ ಮುಂದ ಅಳಾಕತ್ತಾನ" ಎಂದರು. ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಕಾಲುವೆಯ ದಂಡೆಗೆ ಗುಡಿಸಲು ಹಾಕಿದ್ದರು. ಅವನು ಮಬ್ಬುಗತ್ತಲೆಯಲ್ಲಿ ಹೋಗಿ ಅವರಿಗೆ ತನ್ನ ಉಣ್ಣೆಯ ಸ್ವೆಟರು, ಕಂಬಳಿ, ಹೊಸ ಚಪ್ಪಲಿ ಕೊಟ್ಟು ಬಂದ. ಕಡೆಗೆ ಸೈಕಲ್ಲನ್ನೂ ಕೊಟ್ಟು ನಡೆದುಕೊಂಡೇ ಬರುವಾಗ ಪದ್ಮವ್ವ ಎದುರಾದಳು.

"ಸೈಕಲ್ ಎಲ್ಲೊ?"

"ಕೊಟ್ನಿರಿ."

"ಯಾರಿಗಿ? ಯಾಕ?"

"ನನಗ ಇನ್ನ ಯಾಕ ಬೇಕ ಬಿಡ್ರಿ" ಎಂದ ಇನಾಸಪ್ಪ. ಅವನಿಗೆ ಕಂಪನಿಯಿಂದ ಮೋಟರ್‌ಸೈಕಲ್ ಮಂಜೂರಾಗಿತ್ತು. ಆದರೆ ಆ ಮಾತು ಹೇಳುವಷ್ಟರಲ್ಲಿ ಪದ್ಮವ್ವ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಹಂಗ ಅನಬ್ಯಾಡೊ ನನ್ನಪ್ಪಾ" ಎನ್ನುತ್ತ ಮನೆಯೊಳಗೆ ಓಡಿಹೋಗಿದ್ದಳು. ಪದ್ಮವ್ವಳ ತವರು ನಿಪ್ಪಾಣಿ. ಆಕೆ ತನ್ನ ತಂಗಿಗೆ ದಿನಕ್ಕೊಮ್ಮೆ ಫೋನು ಮಾಡದೆ ಮಲಗುವವಳಲ್ಲ.

ಈಗ ಇನಾಸಪ್ಪ ಕಂಬ ಹತ್ತುವುದೇ ಕಠಿಣವಾಯಿತು. ಅವನು ಹಗ್ಗ ಬಿಗಿದನೆಂದರೆ ಬಿದ್ದರೆ ಹಿಡಿಯಲೆಂದು ರೈತರು ಕೆಳಗೆ ಜಮಖಾನೆ ಹಿಡಿದು ನಿಲ್ಲುತ್ತಿದ್ದರು. ಆಫೀಸಿನಲ್ಲಿ ಸೆಕ್ಷನ್ ಆಫೀಸರ್ ವಿರುಪಾಕ್ಷಪ್ಪನವರು ಅವನನ್ನು ಒಳಗೆ ಕರೆದು, ಮೊದಲ ಸಲ ಕುರ್ಚಿ ತೋರಿಸಿದರು.

"ಕುಂದ್ರು ಇನಾಸಪ್ಪಾ. ನೋಡು, ನಾ ನಿನ್ನ ಅಣ್ಣ ಇದ್ದಂಗ. ಸರ್ವಿಸಿನಾಗ ಇದ್ದಾಗ ಹೋದ್ರ ಮನಿಯವರಿಗೆ ಅನುಕಂಪದ ನೌಕರಿ ಸಿಗತೈತಿ. ಮಗಳಿಗೂ ಬರತೈತಿ. ರಿಟೈರ್ ಆಗಿ ಹೋದ್ರ ಬರೇ ಹಾರ."

"ಎಲ್ಲಿಗಿ ಹೋಗೂದ್ರಿ ಸಾಹೇಬ್ರ?"

ವಿರುಪಾಕ್ಷಪ್ಪನವರು ಕಣ್ಣು ಒರೆಸಿಕೊಂಡರು. "ಈ ಧೈರ್ಯ ನನಗ ಇಲ್ಲಪಾ. ಅವಸರ ಮಾಡಬ್ಯಾಡ. ಆದ್ರ ಬಾಳ ತಡಾನೂ ಮಾಡಬ್ಯಾಡ."

ಅನುಕಂಪದ ನೌಕರಿಯ ಮಾತು ಹೊರಗಿನ ಬೆಂಚಿಗೆ, ಬೆಂಚಿನಿಂದ ಓಣಿಗೆ, ಓಣಿಯಿಂದ ಪದ್ಮವ್ವಳಿಗೆ, ಪದ್ಮವ್ವಳಿಂದ ನಿಪ್ಪಾಣಿಗೆ ಎರಡು ದಿನದಲ್ಲಿ ಮುಟ್ಟಿತು. ಮೂರನೆಯ ದಿನ ಮಾರ್ಥಾಬಾಯಿಯ ಫೋನು ಬಂತು. ರೊಟ್ಟಿಯ ಸಪ್ಪಳ ನಿಂತಿತು. ದ್ರೌಪದಿ ಫೋನು ಕೆಳಗಿಟ್ಟು, "ರವಿವಾರ ಬರತಾರಂತ. ತಾವ ಬರತಾರಂತ!" ಎಂದಳು. ಇನಾಸಪ್ಪ ಶಿಲುಬೆಯ ಕಡೆಗೆ ಮುಖ ಮಾಡಿ ಕೈ ಮುಗಿದ. ತಪಸ್ಸು ಇಷ್ಟು ಬೇಗ ಫಲ ಕೊಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿ ರವಿವಾರ ಮಧ್ಯಾಹ್ನ ಇಳಿಹೊತ್ತಿಗೆ ಮಾರ್ಥಾಬಾಯಿ ರೋಶನನನ್ನು ಕರೆದುಕೊಂಡು ಬಂದಳು. ಬಂದವಳೇ ಇನಾಸಪ್ಪನ ಎರಡೂ ಕೈ ಹಿಡಿದುಕೊಂಡು, "ಅರೆರೇ, ಕಿತಿ ವಾಳ್ಲಾತ ಹೋ! ಎಷ್ಟ ಸೊರಗೀರಿ!" ಎಂದಳು. ಹಾಗಲಕಾಯಿಯ ರಸದಿಂದ ಅವನು ತುಸು ಸೊರಗಿದ್ದು ನಿಜವೇ.

ಸಪನಾ ಚಹಾ ತಂದಳು. ಎಲ್ಲರೂ ತೆಗೆದುಕೊಂಡರು. ಟ್ರೇ ಇನಾಸಪ್ಪನ ಮುಂದೆ ಬಂದಾಗ ಮಾರ್ಥಾಬಾಯಿ ತಾನೇ ಕೈ ಅಡ್ಡ ಹಿಡಿದು, "ಬ್ಯಾಡವಾ, ಅವರಿಗಿ ಬ್ಯಾಡ" ಎಂದಳು. ಆಮೇಲೆ ಧ್ವನಿ ತಗ್ಗಿಸಿ ಕೇಳಿದಳು: "ಲಗ್ನಾ ಯಾವಾಗ ಇಟಗೋಳೂಣು ಅಂತ ವಿಚಾರ ಮಾಡಾಕ ಬಂದೀನ್ರಿ. ಅದಕ್ಕ ಒಂದ ಮಾತ ಖರೇ ಹೇಳ್ರಿ. ಡಾಕ್ಟರ್ ಎಷ್ಟ ತಿಂಗಳ ಅಂದಾರ?"

"ಏನ ಎಷ್ಟ ತಿಂಗಳ?"

"ನೌಕರಿ ಹುಡುಗಿಗೇ ಬರತೈತಿ ಅಲ್ರಿ? ನಿಮ್ಮ ತಮ್ಮಂದ್ರು ಯಾರೂ ನಡುವ ಬರೂದಿಲ್ಲಲ್ಲ?"

ತಾನು ಸತ್ತರೆ ಎಂಬ ಲೆಕ್ಕದ ಮೇಲೆ ಈ ಕುರ್ಚಿಯಲ್ಲಿ ಮಾರ್ಥಾಬಾಯಿ ಕುಳಿತಿದ್ದಾಳೆ ಎಂಬುದು ಇನಾಸಪ್ಪನಿಗೆ ಅಂದು, ಆ ಕ್ಷಣದಲ್ಲಿ ಹೊಳೆಯಿತು. ಇಷ್ಟು ದಿನ ಗುಟ್ಟು ಕಾಯ್ದದ್ದು ಪುಣ್ಯವಾಗಿತ್ತು; ಇನ್ನು ಕಾಯ್ದರೆ ಮೋಸವಾಗುತ್ತಿತ್ತು. ಹೇಳಿಬಿಟ್ಟರೆ ಸಂಬಂಧ ಮುರಿಯುತ್ತಿತ್ತು. ಅವನು ಮಗಳ ಮುಖ ನೋಡಿದ. ಮಗಳು ಟ್ರೇ ನೋಡುತ್ತಿದ್ದಳು.

"ಬಾಯಾರ," ಎಂದ ಅವನು ಎದ್ದು ನಿಂತು, "ನನಗ ಏನೂ ಆಗಿಲ್ಲ. ತಪಸ್ಸುಕಾಲಕ್ಕಂತ ಚಹಾ ಬಿಟ್ಟೀನಿ, ಅಷ್ಟ."

 ಮಾರ್ಥಾಬಾಯಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ದೇವಮಾಣುಸ! ಮಗಳ ಮುಂದ ಎಷ್ಟ ಚಂದ ಮುಚ್ಚಿಡತಾರ ನೋಡ್ರಿ. ನಾವೂ ತಪಸ್ಸು ಮಾಡತೀವ್ರಿ. ನಾ ಮೀನ ಬಿಟ್ಟೀನಿ. ಚಹಾ ಯಾರರೆ ಬಿಡತಾರೇನ್ರಿ?"

"ನಾ ಬಿಟ್ಟೀನ್ರಿ!"

"ಹೌದ್ರಿ, ಹೌದ್ರಿ. ಕುಂದ್ರಿ, ದಮ್ಮ ಹತ್ತೀತು."

"ಅಯ್ಯ, ದಮ್ಮ ಯಾಕ ಹತ್ತತೈತಿ? ತೋರಸ್ತೀನಿ ತಡೀರಿ" ಎಂದವನೇ ಇನಾಸಪ್ಪ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲಿಯೇ ಹೊರಗೆ ನಡೆದ. ಕೆಲಸದ ಶಿಸ್ತು ಸಿಟ್ಟಿನಲ್ಲಿಯೂ ತಪ್ಪುವ ಮನುಷ್ಯನಲ್ಲ, ಮೊದಲು ಟ್ರಾನ್ಸ್‌ಫಾರ್ಮರ್‌ಗೆ ಹೋಗಿ ಓಣಿಯ ಫ್ಯೂಜುಗಳನ್ನೆಲ್ಲ ತೆಗೆದು ಕಿಸೆಯಲ್ಲಿ ಹಾಕಿಕೊಂಡ. ಆಮೇಲೆ ಮನೆಯ ಮುಂದಿನ ಕಂಬವನ್ನು ಹಗ್ಗವಿಲ್ಲದೆ ಸರಸರನೆ ಹತ್ತಿ, ಮೇಲಿನ ಅಡ್ಡಪಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು, "ನೋಡ್ರಿ! ನಾ ಆರಾಮ ಇದೀನಿ!" ಎಂದು ಕೂಗಿದ.

ಇನಾಸಪ್ಪ ಎಣಿಸದಿದ್ದ ಸಂಗತಿ ಒಂದೇ. ಅವತ್ತು ಕ್ರಿಕೆಟ್ ಮ್ಯಾಚ್ ಇತ್ತು. ಕರೆಂಟು ಹೋದ ಕೂಡಲೇ ಓಣಿಯ ಅಷ್ಟೂ ಮನೆಯವರು ಲೈನ್‌ಮನ್‌ನನ್ನು ಹುಡುಕುತ್ತ ಹೊರಗೆ ಬಂದರು. ಹುಡುಕುವ ಶ್ರಮ ಬೀಳಲಿಲ್ಲ.

"ಅಯ್ಯಯ್ಯೋ, ಬ್ಯಾನಿ ತಾಳಲಾರದ ಜೀವಾ ಕೊಡಾಕ ಹತ್ಯಾನ!" ಪದ್ಮವ್ವ ಬಾಯಿ ಬಡಿದುಕೊಂಡಳು.

"ಇನಾಸಪ್ಪಾ! ಇಳೀಯಪಾ! ಹಾಗಲಕಾಯಿ ರಸಾ ಇನ್ನ ಕಳಸೂದಿಲ್ಲ, ಆಣಿ ಮಾಡತೀನಿ!" ಎಂದರು ಭೀಮಗೊಂಡರು.

"ನಾ ಆರಾಮ ಇದೀನ್ರೋ!"

"ಎಲ್ಲಾರೂ ಹಂಗ ಅಂತಾರ! ಇಳಿ ಮೊದಲ!"

ವಿರುಪಾಕ್ಷಪ್ಪನವರು ಲುಂಗಿಯಲ್ಲಿಯೇ ಮೋಟರ್‌ಸೈಕಲ್ ಹತ್ತಿ ಬಂದರು. ಕೆಳಗೆ ನಿಂತು ಎರಡೂ ಕೈ ಬಾಯಿಗೆ ಹಚ್ಚಿ, "ಏ ಇನಾಸಪ್ಪಾ, ತಾನಾಗಿ ಹಾರಿದ್ರ ನೌಕರಿ ಸಿಗೂದಿಲ್ಲೋ! ಕಾಯ್ದೆದಾಗ ಇಲ್ಲ!" ಎಂದು ಕೂಗಿದರು. ಇದನ್ನು ಕೇಳಿದ ಮೇಲೆ ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಮಾರ್ಥಾಬಾಯಿ. ಚಪ್ಪಲಿಯಿಲ್ಲದ ಕಾಲಲ್ಲಿ ಕಂಬದ ಬುಡಕ್ಕೆ ಓಡಿ ಬಂದಳು.

"ಅಣ್ಣಾ, ಇಳೀರಿ! ಲಗ್ನಾ ಪಕ್ಕಾ ಮಾಡೂಣ್ರಿ! ಈಸ್ಟರ್ ಆದಮ್ಯಾಲ ನೋಡೂಣ್ರಿ!"

ಇಳಿಯಬೇಕೆಂದು ಇನಾಸಪ್ಪ ಒಂದು ಕಾಲು ಕೆಳಗಿಟ್ಟ. ಅಷ್ಟರಲ್ಲಿ ಕಿಸೆಯಲ್ಲಿ ಫ್ಯೂಜುಗಳ ನಡುವೆ ಮೊಬೈಲು ರಿಂಗಾಯಿತು.

"ಅಪ್ಪಾ, ನಾ ಸಪನಾ. ಕೆಳಗ ನೋಡಬ್ಯಾಡ. ಫ್ಯೂಜ್ ತಗದ ಹತ್ತಿದಿ ಹೌದಿಲ್ಲೊ?"

"ತಗದೀನಿ."

"ಹಂಗಾರ ಆರಾಮ ಕುಂದ್ರು. ಆಕಿ 'ನೋಡೂಣು' ಅನ್ನಾಕತ್ತಾಳ. ದಸರಿಯಿಂದ ನೋಡಾಕತ್ತಾಳ. ತಾರೀಖ ಹೇಳೂಮಟಾ ಇಳೀಬ್ಯಾಡ."

"ಏ ಹುಚ್ಚಿ, ನನಗ ಏನೂ ಆಗಿಲ್ಲಬೇ."

"ಗೊತ್ತೈತಿ. ಹೋದ ವಾರ ನೀ ಮಲಕೊಂಡಾಗ ಬೆರಳ ಕಚ್ಚಿದ್ದು ಸೊಳ್ಳಿ ಅಲ್ಲ, ನನ್ನ ಸೂಜಿ. ನಿನ್ನ ಸಕ್ಕರಿ ನನಕಿಂತ ಛಲೋ ಐತಿ. ಅವ್ವಗ ಹೇಳಿದ್ರ ಮಶೀನ ಕೆಟ್ಟೈತಿ ಅಂದ್ಲು."

"ಮತ್ತ ಇದು ಮೋಸ ಆಗೂದಿಲ್ಲೇನ?"

"ನಿನಗ ಸುಳ್ಳ ಹೇಳು ಅಂತ ಯಾರ ಅಂದ್ರು? ಖರೇನ ಹೇಳು. ಎಷ್ಟ ಜೋರ ಆಗತೈತಿ ಅಷ್ಟ ಜೋರ ಹೇಳು. ಆದ್ರ ಅಲ್ಲಿಂದ ಹೇಳು."

ಇನಾಸಪ್ಪ ಈ ಮಾತನ್ನು ಎಲ್ಲ ಮಗ್ಗುಲಿಂದ ತಿರುವಿ ನೋಡಿದ. ಧರ್ಮಶಾಸ್ತ್ರದ ಪ್ರಕಾರ ದೋಷವೆಲ್ಲಿದೆ ಎಂಬುದು ಅಷ್ಟು ಎತ್ತರದಲ್ಲಿ ಹೊಳೆಯಲಿಲ್ಲ. ಕೆಳಗಿಟ್ಟ ಕಾಲನ್ನು ಮತ್ತೆ ಮೇಲೆತ್ತಿಕೊಂಡು, ಎದೆತುಂಬ ಉಸಿರು ಎಳೆದುಕೊಂಡು ಕೂಗಿದ:

"ನನಗ ಯಾವ ರೋಗಾನೂ ಇಲ್ಲ! ನಾ ಸಾಯೂದಿಲ್ಲ! ನಾ ಬಾಳ ವರ್ಷ ಬದುಕತೀನಿ!"

ಕೆಳಗೆ ಹೆಂಗಸರು ಹೋ ಎಂದು ಅಳತೊಡಗಿದರು. ಮಾರ್ಥಾಬಾಯಿ ಕಂಬವನ್ನೇ ತಬ್ಬಿಕೊಂಡಳು. "ಅಣ್ಣಾ, ಈಸ್ಟರ್ ಆದ ಎರಡನೇ ಸೋಮವಾರ! ಇದ ರಾಯಬಾಗ ಗುಡ್ಯಾಗ! ಗೌಡ್ರ ಸಾಕ್ಷಿ, ಸಾಹೇಬ್ರ ಸಾಕ್ಷಿ! ನಾಳೇನ ಫಾದರ್‌ಗೆ ಹೇಳತೀನಿ, ಈಸ್ಟರ್ ದಿನಾನ ಗುಡ್ಯಾಗ ಹೆಸರ ಒದರಲಿ! ಇಳೀರೆಪಾ ಇನ್ನರೆ!"

ರೋಶನ ತಲೆಯೆತ್ತಿ, "ಮಾಮಾ, ಸಾವಕಾಶ ಇಳೀರಿ, ಅವಸರಿಲ್ಲ" ಎಂದ. ಅವನು ನಗು ತಡೆಯಲು ಕೆಳದುಟಿ ಕಚ್ಚಿಕೊಂಡಿದ್ದನ್ನು ಸಪನಾ ಒಬ್ಬಳೇ ನೋಡಿದಳು.

ಇನಾಸಪ್ಪ ಇಳಿದು ಬಂದು ಫ್ಯೂಜ್ ಹಾಕಿದ. ಮ್ಯಾಚ್ ಮುಗಿದು ಹೋಗಿತ್ತು. ಆದರೂ ಯಾರೂ ಅವನನ್ನು ಬೈಯಲಿಲ್ಲ. ಸಾಯುವವನನ್ನು ಬೈಯುವ ಮಂದಿಯಲ್ಲ ಅದು.

ಈಸ್ಟರ್ ದಿನ ಬಲಿಪೂಜೆಯ ಕೊನೆಗೆ ಫಾದರ್ ರೋಶನ ಮತ್ತು ಸಪನಾ ಇವರ ವಿವಾಹದ ಪ್ರಕಟಣೆ ಓದಿದರು. ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಬೇಕು ಎಂದರು. ಯಾರಿಗೂ ಇರಲಿಲ್ಲ. ಮಾರ್ಥಾಬಾಯಿ ಮುಂದಿನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ದೊಡ್ಡದಾಗಿ "ಆಮೆನ್" ಅಂದಳು. ಬೀಗರ ಕೊನೆಯ ಈಸ್ಟರ್ ಅಲ್ಲವೇ ಎಂದು ನಿಪ್ಪಾಣಿಯಿಂದ ಬೆಳಗಿನ ಗಾಡಿಗೇ ಬಂದಿದ್ದಳು.

ಹೊರಗೆ ಅಂಗಳದಲ್ಲಿ ಹಂಡೆಯ ತುಂಬ ಚಹಾ ಕುದಿಯುತ್ತಿತ್ತು. ಪರಾತದಲ್ಲಿ ಜಿಲೇಬಿ ಇತ್ತು. ಇನಾಸಪ್ಪ ನೇರವಾಗಿ ಹಂಡೆಯ ಕಡೆಗೆ ನಡೆದ. ಮೊದಲನೆಯ ಕಪ್ಪು ಕಣ್ಣು ಮುಚ್ಚಿಕೊಂಡು ಕುಡಿದ. ಎರಡನೆಯದನ್ನು ಬಶಿಗೆ ಸುರಿದು ಸುರ್ ಎಂದು ಎಳೆದ. ಮೂರನೆಯದಕ್ಕೆ ಸಕ್ಕರೆ ಸಾಲದೆಂದು ಮತ್ತೊಂದು ಚಮಚ ಹಾಕಿಸಿಕೊಂಡ. ನಾಲ್ಕನೆಯದರಲ್ಲಿ ಜಿಲೇಬಿ ಅದ್ದಿದ.

ಮಾರ್ಥಾಬಾಯಿಯ ಕೈಯಲ್ಲಿನ ಕಪ್ಪು ಅಲ್ಲಿಯೇ ನಿಂತಿತು.

"ಅಣ್ಣಾ! ಸಕ್ಕರಿ!"

"ಹೌದ್ರಿ, ಬರೋಬ್ಬರಿ ಐತಿ ಈಗ."

"ಅಲ್ರಿ, ನಿಮಗ... ನಿಮಗ ಬ್ಯಾನಿ?"

"ನನಗ್ಯಾವ ಬ್ಯಾನಿರಿ? ತಪಸ್ಸುಕಾಲ ಮುಗೀತಲ್ಲ."

ಮಾರ್ಥಾಬಾಯಿ ಅವನ ಕೆಂಪಗಿನ ಮುಖ ನೋಡಿದಳು, ಎಣ್ಣೆ ಹಚ್ಚಿದ ತಲೆ ನೋಡಿದಳು, ಕಂಬದಂಥ ಕಾಲು ನೋಡಿದಳು. ಗುಡಿಯ ಬಾಗಿಲಲ್ಲಿ ಮಂದಿ ಸಪನಾ ಮತ್ತು ರೋಶನರ ಕೈ ಕುಲುಕುತ್ತಿದ್ದುದನ್ನೂ ನೋಡಿದಳು. ಆಕೆಯ ಧ್ವನಿ ಬಹಳ ಸಣ್ಣದಾಯಿತು.

"ಈ ಮಾತ ಮೊದಲ ಯಾಕ ಹೇಳಲಿಲ್ರಿ ನೀವು?"

ಇನಾಸಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಬಾಯಲ್ಲಿದ್ದ ಜಿಲೇಬಿ ನುಂಗಿ, ಬೀಗಿತಿಯ ಕಡೆಗೆ ತಿರುಗಿ, ಸಮಾಧಾನದಿಂದ ಅಂದ:

"ಹೇಳಿದ್ನಲ್ರಿ ಬಾಯಾರ. ಕಂಬಾ ಹತ್ತಿ ಹೇಳಿದ್ನಿ."